ಮುಚ್ಚಳದ ಮೇಲಿನ ಗೀಟು

ಮೀನಿನ ಪೆಟ್ಟಿಗೆಯ ಮುಚ್ಚಳದಲ್ಲಿ ಚಾಕುವಿನಿಂದ ಕೊರೆದ ಒಂದು ಗೀಟಿತ್ತು. ಘಾಟಿ ಹತ್ತಿ ಬಾಳೂರಿಗೆ ಸ್ಕೂಟರಿನಲ್ಲಿ ಮೀನು ತರುತ್ತಿದ್ದ ವ್ಯಾಪಾರಿಯಿಂದ ಅದನ್ನು ಕೊರೆಯಿಸಿದವಳು ನಾನೇ. ಅದಕ್ಕಿಂತ ಗಿಡ್ಡ ಬಂಗುಡೆಯನ್ನು ದಡಕ್ಕೆ ತರಬಾರದು, ಕಡಲಿಗೇ ಬಿಡಬೇಕು ಎಂದು ಸರ್ಕಾರದ ನಿಯಮವನ್ನು ಅವರಿಗೆ ಓದಿ ಹೇಳಿದ್ದೆ.

“ಸತ್ತಿದ್ರೂ ಬಿಡ್ಬೇಕಾ?”

“ಹೌದು.”

“ಕಾನೂನು ದೊಡ್ಡದು ಮಾರಾಯ್ರೆ,” ಎಂದು ಕತ್ತು ಓರೆ ಮಾಡಿ ನಕ್ಕಿದ್ದರು. ಅಂದಿನಿಂದ ಪ್ರತಿ ಬಂಗುಡೆಯನ್ನೂ ಗೀಟಿಗೆ ಹಿಡಿದೇ ಮಾರುತ್ತಿದ್ದರು.

ಒಂದು ಭಾನುವಾರ ನಾನು ಮೀನು ಕೊಳ್ಳುತ್ತಿದ್ದಾಗ ಎಸ್ಟೇಟಿನ ಕೂಲಿ ಲೈನಿನ ಹೆಂಗಸೊಬ್ಬಳು ಖಾಲಿ ತಟ್ಟೆ ಹಿಡಿದು ಬಂದಳು. ದೊಡ್ಡ ಮೀನು ಅವಳ ಕೈಗೆಟುಕುವಂಥದ್ದಲ್ಲ.

“ಸಣ್ಣದು ತರೋದೇ ಬಿಟ್ರಲ್ಲ ಅಣ್ಣ, ಮಕ್ಕಳಿಗೆ ಸಾರಿಗೇನು ಹಾಕ್ಲಿ?”

“ದೋಣಿಯವ್ರು ಸತ್ತದ್ದನ್ನೂ ಕಡಲಿಗೇ ಎಸೀತಾರೆ. ಕಾನೂನು ದೊಡ್ಡದು ಮಾರಾಯ್ರೆ. ಬೇಕಾದ್ರೆ ಇವ್ರನ್ನೇ ಕೇಳಿ,” ಎಂದು ನನಗೆ ತೂಗಿದ್ದ ದೊಡ್ಡ ಬಂಗುಡೆಗಳನ್ನು ಚೀಲಕ್ಕೆ ಹಾಕಿದರು.

ಮರುದಿನ ಬೆಳಿಗ್ಗೆ ಅವರ ಹಾರ್ನ್ ಕೇಳಿದಾಗ ನಾನು ಒಳಗೇ ಕುಳಿತು ಅಂದಿನ ಸಾರಿಗೆ ಬೇಳೆ ಆರಿಸಿದೆ.