ನಳಿಗೆಯೊಳಗಿನ ಸುರುಳಿ

ಇಳಕಲ್ಲಿನ ಅಹ್ಮದಸಾಬನಿಗೆ ಗೊತ್ತಿದ್ದದ್ದು ಒಂದೇ ಕೆಲಸ, ಲೇತ್ ಯಂತ್ರದ ಮೇಲೆ ಕಬ್ಬಿಣ ಕಡೆಯುವುದು. ನನ್ನ ಪವರ್‌ಲೂಮಿನ ಶಾಫ್ಟು ಕೂದಲೆಳೆಯಷ್ಟು ಡೊಂಕಾದರೂ ಹಿಡಿಯುತ್ತಿದ್ದ. ಕೊಳವೆ ಬಂದರೆ ಕಿಟಕಿಗೆ ಅಡ್ಡವಾಗಿ ರೇಷ್ಮೆ ಎಳೆ ಕಟ್ಟಿ, ಕೊಳವೆಯ ಒಳಗಿಂದ ನೋಡುತ್ತಿದ್ದ. ಎಳೆಯ ನೆರಳು ಒಳಗೆ ನೆಟ್ಟಗೆ ಬಿದ್ದರೆ ಕೊಳವೆ ನೆಟ್ಟಗಿದೆ ಎಂದರ್ಥ. ಕಲಾದಗಿಯಲ್ಲಿ ರೈತರ ಲೈಸೆನ್ಸ್ ಬಂದೂಕು ರಿಪೇರಿ ಮಾಡುತ್ತಿದ್ದ ಅವನಪ್ಪ ಕಲಿಸಿದ್ದು.

೨೦೦೧ರ ಬೇಸಿಗೆ. ನಾನು ಅಂಗಡಿಯಲ್ಲೇ ಇದ್ದೆ. ಗುರುತಿಲ್ಲದವನೊಬ್ಬ ಗೋಣಿತಟ್ಟಿನಲ್ಲಿ ಸುತ್ತಿದ ಕೊಳವೆ ತಂದ.

"ಕಂಪ್ರೆಸರ್ ಪೈಪ್ ಐತ್ರಿ. ತುದಿಗೆ ಥ್ರೆಡ್ ಹಾಕ್ರಿ. ತೂತಿನ ನಡುವಿಗೆ ಬರೋಬರಿ ಕೂಡಬೇಕು, ಒಂದೀಟೂ ಓರೆ ಆಗಬಾರ್ದು."

ಅಹ್ಮದಸಾಬ ಅದನ್ನು ಲೇತಿನ ಚಕ್ಕಿಗೆ, ಅಂದರೆ ತಿರುಗುವ ಹಿಡಿಕೆಗೆ, ಕಟ್ಟಿ ಒಂದು ಸುತ್ತು ತಿರುಗಿಸಿದ. ಮತ್ತೆ ಬಿಚ್ಚಿ ಎಳೆಯ ಕಡೆ ಹಿಡಿದ. ನೆರಳು ಒಡೆದು ಕಂಡಿತು. ಒಳಗೆಲ್ಲ ಸುರುಳಿ ಸುರುಳಿ ಗೀರು.

"ಇದು ರೈಫಲ್ಲಿನ ನಳಿಗಿ. ಸೈಲೆನ್ಸರ್ ಕೂಡಸಾಕ ಬಂದೀಯೇನು? ತಗೊಂಡು ನಡಿ."

ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಸಿಟ್ಟು ಬಿಡಲಿಲ್ಲ. ಬಂದವನ ಕೊರಳಪಟ್ಟಿ ಹಿಡಿದೆ. ಕೊಸರಿಕೊಂಡು ಓಡಿದ, ನಳಿಗೆ ಬಿಟ್ಟು.

"ಅಮಾತೆಪ್ಪ, ಸುಮ್ನ ಕೂಡೋ" ಎಂದ ಅಹ್ಮದಸಾಬ. ನಾನು ಕೇಳದೆ ನಳಿಗೆ ಹೊತ್ತು ಠಾಣೆಗೆ ಹೋದೆ. ಹೇಳಿಕೆಯಲ್ಲಿ 'ಚಕ್ಕಿಗೆ ಕಟ್ಟಿ ತಿರುಗಿಸಿದ' ಎಂದೂ ಬರೆಸಿದೆ. ಆ ಒಂದು ಮಾತಿನ ಮೇಲೆ ಸಂಜೆಗೆ ಪೊಲೀಸರು ಲೇತನ್ನೇ ಜಪ್ತಿ ಮಾಡಿ ಒಯ್ದರು.

ಅಹ್ಮದಸಾಬನ ಹೆಂಡತಿ ಕಾಸಿಂಬಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು: "ಅಣ್ಣಾ, ನಿಮ್ಮ ಸಿಟ್ಟಿಗೆ ನಮ್ಮ ಮನಿನೇ ಬೇಕಿತ್ತೇನ್ರಿ?"

ಓಡಿದವನು ಸಿಗಲಿಲ್ಲ. ಕೇಸು ನಡೆದಷ್ಟು ದಿನ ಲೇತ್ ಠಾಣೆಯ ಹಿತ್ತಿಲಲ್ಲಿ ಒಂದು ಕಾಲು ಕಲ್ಲಿನ ಮೇಲೆ, ಒಂದು ಕಾಲು ಮಣ್ಣಿನಲ್ಲಿ ನಿಂತಿತ್ತು. ಅಹ್ಮದಸಾಬ ಹಮಾಲಿ ಮಾಡಿದ. ಪ್ರತಿ ಸಲ ಮಳೆ ಬಿದ್ದ ಮಾರನೆಯ ದಿನ ಎಣ್ಣೆ ಡಬ್ಬಿ, ಅರಿವೆ ಹಿಡಿದು ಅಲ್ಲಿಗೆ ಹೋಗುತ್ತಿದ್ದ.

"ಸಾಹೇಬ್ರ, ಬರೇ ಎಣ್ಣಿ ಹಚ್ಚತೇನ್ರಿ."

"ಕೇಸಿನ ಮುದ್ದೇಮಾಲು ಅದ. ಮುಟ್ಟಂಗಿಲ್ಲ."

"ತುಕ್ಕು ಹಿಡಿಯಾಕತ್ತೈತ್ರಿ."

"ಆ ತುಕ್ಕೂ ಮುದ್ದೇಮಾಲೇ. ನಡಿ."

ಒಮ್ಮೆ ನಾನೂ ಹೋಗಿ ಕಾನ್‌ಸ್ಟೇಬಲ್ ಮೇಲೆ ಹರಿಹಾಯ್ದೆ. ಅಂದಿನಿಂದ ಅಹ್ಮದಸಾಬನನ್ನು ಗೇಟಿನ ಒಳಗೇ ಬಿಡಲಿಲ್ಲ. ಅದೂ ನನ್ನಿಂದಲೇ.

೨೦೦೬ರಲ್ಲಿ ಲೇತ್ ಬಿಟ್ಟುಕೊಡಲು ಆದೇಶವಾಯಿತು. ಟ್ರ್ಯಾಕ್ಟರಿನಲ್ಲಿ ನಾನೇ ತಂದೆ. ಮೂರು ದಿನ ಇಬ್ಬರೂ ಸೀಮೆಎಣ್ಣೆ ಹಾಕಿ ಉಜ್ಜಿದೆವು. ತುಕ್ಕಿನಡಿಯಿಂದ ಕಬ್ಬಿಣ ಮಿಂಚಿದಾಗ ಅವನು ನನ್ನೊಡನೆ ಮತ್ತೆ ಮಾತಾಡಲು ಶುರುಮಾಡಿದ. ಮೊದಲು ನನ್ನ ಲೂಮಿನ ಶಾಫ್ಟೇ ಮಾಡಿಕೊಡುತ್ತೇನೆಂದ.

ಆಮೇಲೆ ಲೇತಿನ ಉದ್ದನೆಯ ಕಬ್ಬಿಣದ ಹಾಸಿನ ಮೇಲೆ ಈ ತುದಿಯಿಂದ ಆ ತುದಿಗೆ ರೇಷ್ಮೆ ಎಳೆ ಬಿಗಿದು, ಮೊಣಕಾಲೂರಿ ನೋಡಿದ. ಭಾಳ ಹೊತ್ತು ನೋಡಿದ. ಐದು ವರ್ಷ ಒಂದೇ ಕಡೆ ವಾಲಿ ನಿಂತ ಹಾಸು ತಿರುಚಿಕೊಂಡಿತ್ತು. ನನಗೂ ಕಂಡಿತು, ಎಳೆಗೂ ಹಾಸಿಗೂ ನಡುವೆ ಬೆಳಕು.

"ರಿಪೇರಿ ಆಗಂಗಿಲ್ಲೇನು?"

ಎಳೆ ಬಿಚ್ಚಿ ಬೆರಳಿಗೆ ಸುತ್ತಿಕೊಂಡ.

"ನಿನ್ನ ಶಾಫ್ಟ್ ಬ್ಯಾರೆ ಕಡೆ ಒಯ್ಯಪಾ. ಇದರ ಮ್ಯಾಲೆ ಮಾಡಿದ್ರ ಓರೆ ಆಗತೈತಿ."