ಕಿಟಕಿಯ ಕಡೆಯ ಕೆನ್ನೆ

ಗಾಡಿ ಕಲಿಸುವ ಅಕ್ಕ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಡ್ರೈವಿಂಗ್ ಶಾಲೆಯ ಪುಟ್ಟ ಕಾರಿನಲ್ಲಿ ಕಲಿಯುವವರ ಎಡಕ್ಕೆ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕನ್ನೇ ನೆಚ್ಚಿಕೊಂಡು, ವರ್ಷಾನುಗಟ್ಟಲೆ ಹೊಸಬರ ಕೈಗೆ ಜೀವ ಕೊಟ್ಟು ಬಾಳಿದವಳು. ಅವಳ ಗಂಡ ಬಸ್ ಚಾಲಕ. ಇವಳು ಎಡಗಡೆಯ ಕಿಟಕಿಗೆ, ಅವನು ಬಲಗಡೆಯದಕ್ಕೆ ಅಂಟಿಕೊಂಡೇ ಅರ್ಧ ಆಯುಷ್ಯ ಕಳೆದರು.

ಮಗಳ ಕಾಟ ತಾಳಲಾರದೆ ಇಬ್ಬರೂ ಸ್ಟುಡಿಯೋಗೆ ಹೋದರು. ಫೋಟೋದವನು ದೀಪ ಅತ್ತ ಸರಿಸಿದ, ಇತ್ತ ಸರಿಸಿದ, ತಲೆ ಕೆರೆದುಕೊಂಡ. ಒಬ್ಬೊಬ್ಬರ ಒಂದೊಂದು ಕೆನ್ನೆಯ ಕಪ್ಪು ಮಾತ್ರ ಯಾವ ದೀಪಕ್ಕೂ ಜಗ್ಗಲಿಲ್ಲ. ಫೋಟೋ ಕೈಗೆ ಬಂದಾಗ ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಬಲಗೆನ್ನೆ ಅವಳ ತಂಗಿಯದೆಂಬಂತಿತ್ತು. ಎಡಗೆನ್ನೆ, ಸುಕ್ಕು ಕಲೆಗಳೊಂದಿಗೆ, ಅತ್ತೆಯದು.

ಚರ್ಮದ ಡಾಕ್ಟರು ಭೂತಗನ್ನಡಿ ಹಿಡಿದು ಕಲೆಗಳನ್ನು ಒಂದೊಂದಾಗಿ ನೋಡಿ, ಭಯಪಡುವಂಥದ್ದೇನಿಲ್ಲ, ಬಿಸಿಲಿನ ಕೆಲಸ ಎಂದರು. ಅಕ್ಕ ಬಿಡಲಿಲ್ಲ. ತಾನು ಸದಾ ಗಾಜು ಏರಿಸಿಯೇ ಇರುತ್ತೇನೆ ಎಂದು ವಾದಿಸಿದಳು.

"ಚರ್ಮ ಸುಡೋ ಕಿರಣವನ್ನ ಗಾಜು ತಡೆಯುತ್ತಮ್ಮ. ಸುಕ್ಕು, ಕಲೆ ತರೋದು ಆರಾಮಾಗಿ ಒಳಗೆ ಬರುತ್ತೆ," ಎಂದರು ಡಾಕ್ಟರು. ತುಂಬುತೋಳಿನ ಬಟ್ಟೆ ಹಾಕಿ, ಮೋಡವಿದ್ದರೂ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ, ಕಲೆ ಬೆಳೆದರೆ ಅಥವಾ ಬಣ್ಣ ಬದಲಾದರೆ ತಡಮಾಡದೆ ಬನ್ನಿ ಎಂದು ಹೇಳಿ ಕಳಿಸಿದರು.

ಗಂಡ ಟ್ಯೂಬ್ ನೋಡಿ ಮೂಗು ಮುರಿದ. "ಬಸ್ ಓಡಿಸೋನಿಗೆ ಯಾಕೆ ಈ ಶೃಂಗಾರ?"

"ಬಸ್ಸಿಗೆ ಬಣ್ಣ ಬಳಿಯಲ್ವಾ? ಹಾಗೇ ಇದೂನೂ," ಎಂದಳು ಅಕ್ಕ.

ಮರುದಿನ ಅವನು ಕಿಟಕಿಯ ಕಡೆಯ ಕೆನ್ನೆಗೆ ಮಾತ್ರ, ಸುಣ್ಣ ಮೆತ್ತಿದ ಹಾಗೆ ಮೆತ್ತಿಕೊಂಡು ಕೆಲಸಕ್ಕೆ ಹೋದ. ಬಸ್ ಹತ್ತಿದ ಮುದುಕಿಯೊಬ್ಬಳು ಅವನನ್ನು ಮೇಲಿಂದ ಕೆಳಗೆ ನೋಡಿ, "ಪಾಪ, ಅರ್ಧ ಗಡ್ಡ ಬೋಳಿಸಿ ಹಾಗೇ ಎದ್ದು ಬಂದ್ಯೇನಪ್ಪಾ?" ಎಂದು ಕೇಳಿದಳು. ಬಸ್ಸಿಗೆ ಬಸ್ಸೇ ನಕ್ಕಿತಂತೆ.

ಮುಖ ಊದಿಸಿಕೊಂಡು ಬಂದವನನ್ನು ಕಂಡು ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕುರ್ಚಿಯಲ್ಲಿ ಕೂರಿಸಿ, ಎರಡೂ ಕೆನ್ನೆ, ಕಿವಿ, ಕತ್ತಿನ ಹಿಂಭಾಗ, ಮುಂಗೈ ಎಲ್ಲಕ್ಕೂ ತಾನೇ ನಯವಾಗಿ ಸವರಿ ತೋರಿಸಿದಳು. ಅವನ ಬಿಗುಮಾನ ಅಲ್ಲಿಗೆ ಕರಗಿತು. ಈಗ ಡಿಪೋದಲ್ಲಿ ಉಳಿದ ಚಾಲಕರಿಗೆ ಅವನದೇ ಉಪದೇಶ.

ಹಳೆಯ ಕಲೆಗಳು ಎಲ್ಲಿಗೂ ಹೋಗಲಿಲ್ಲ. ಹೊಸವು ಮಾತ್ರ ಈ ಕಡೆ ತಲೆಹಾಕಿಲ್ಲ. ಅಕ್ಕನ ಕಾರಿನಲ್ಲಿ ಕಲಿಯಲು ಬಂದವರು ಸೀಟು ಸರಿಪಡಿಸಿ, ಕನ್ನಡಿ ತಿರುಗಿಸಿ, ಬೆಲ್ಟ್ ಹಾಕಿ ಕೀಲಿಗೆ ಕೈ ಹಾಕುತ್ತಾರೆ. ಅಕ್ಕ ಅವರತ್ತ ಒಮ್ಮೆ ಓರೆನೋಟ ಬೀರುತ್ತಾಳೆ.

"ಸ್ವಲ್ಪ ಇರಿ. ಕಿವಿಗೆ ಹಚ್ಚಿಲ್ಲ ನೀವು."