ಅವ್ವ ತೊಳೆದ ಮಸಿಗಲ್ಲು

ನಮ್ಮೂರ ಗುಡ್ಡವನ್ನು ಯಾರಾದರೂ ಹೊಗಳಿದ್ದನ್ನು ನಾನು ಕೇಳಿರಲಿಲ್ಲ. ತಮಿಳುನಾಡಿಗೆ ಸೇರಿದ, ಹೊಸೂರಿನ ಆಚೆ ಸೂಳಗಿರಿಯಿಂದ ಒಳಕ್ಕಿರುವ ಊರು. ಗುಡ್ಡವೆಂದರೆ ಬರೀ ಬಂಡೆ. ಕಪ್ಪು ಬಿಳಿ ಪಟ್ಟೆಯ ಆ ಬಂಡೆಯ ನಡುವೆ ಅಲ್ಲಲ್ಲಿ ಬೆಣಚುಕಲ್ಲಿನ ಎಳೆ, ಆ ಎಳೆಯಲ್ಲಿ ಮಿರಮಿರ ಮಿಂಚುವ ಬೂದು ಬಣ್ಣದ ಹಕ್ಕಳೆಗಳು. ಮುಟ್ಟಿದರೆ ಎಣ್ಣೆ ಸವರಿದಂತೆ ಜಾರಿ, ಬೆರಳಿಗೆ ಮಸಿ ಹತ್ತುತ್ತಿತ್ತು. ನಾವು ಮಸಿಗಲ್ಲು ಎನ್ನುತ್ತಿದ್ದೆವು, ಕುರಿಗೆ ಗುರುತು ಹಾಕುತ್ತಿದ್ದೆವು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಸರ್ಕಾರದ ಸರ್ವೆ ಕ್ಯಾಂಪು ಬಂದು, ಅದು ಮಾಲಿಬ್ಡಿನಮ್ ಎಂಬುದರ ಅದಿರು, ಉಕ್ಕು ಗಟ್ಟಿಮಾಡಲು ಬೇಕು ಎಂದಾಗ ಊರಿಗೆ ಊರೇ ಬೆಪ್ಪಾಯಿತು.

ಕ್ಯಾಂಪಿನಲ್ಲಿ ನನಗೆ ದಿನಗೂಲಿ ಕೆಲಸ ಸಿಕ್ಕಿತು. ಗುಡ್ಡ ಕೊರೆಯುವ ಯಂತ್ರ ಆಳದಿಂದ ಕೋಲಿನಂಥ ಉದ್ದುದ್ದ ಕಲ್ಲನ್ನು ಮೇಲೆತ್ತುತ್ತದೆ. ಅದಕ್ಕೆ ಕೋರ್ ಎನ್ನುತ್ತಾರೆ. ಆಳದ ಕ್ರಮ ತಪ್ಪದಂತೆ ಅವನ್ನು ಮರದ ಪೆಟ್ಟಿಗೆಯಲ್ಲಿ ಜೋಡಿಸಿ ಕಾಯುವುದು ನನ್ನ ಪಾಲು, ಮೆತ್ತಿದ ಕೆಸರನ್ನು ನೀರು ಹಾಕಿ ತೊಳೆಯುವುದು ನಮ್ಮವ್ವನ ಪಾಲು. ಅದಿರು ಸಾಕಷ್ಟು ಸಿಕ್ಕರೆ ಗಣಿ ಬರುತ್ತದೆ, ಗಣಿ ಬಂದರೆ ನಿನ್ನ ಕೆಲಸ ಪರ್ಮನೆಂಟ್ ಎಂದಿದ್ದರು ಕ್ಯಾಂಪಿನ ಸಾರ್. ಅವ್ವ ಅದನ್ನು ಸಂತೆಯಲ್ಲಿ ತಮಿಳರಿಗೆ ತಮಿಳಲ್ಲಿ, ತೆಲುಗರಿಗೆ ತೆಲುಗಲ್ಲಿ ಹೇಳಿಕೊಂಡು ಬಂದಳು. ಅಪ್ಪ ಹೋದ ಮೇಲೆ ಅವಳು ಅಷ್ಟು ಗೆಲುವಾಗಿದ್ದದ್ದನ್ನು ನಾನು ಕಂಡಿರಲಿಲ್ಲ.

ಒಂದು ದಿನ ಮದ್ರಾಸಿನಿಂದ ದೊಡ್ಡ ಆಫೀಸರು ಬರುತ್ತಾರೆಂದು ಸುದ್ದಿಯಾಯಿತು. ನಾನು ಸಾರ್ ಜೊತೆ ಜೀಪಿನಲ್ಲಿ ಹೊಸೂರಿಗೆ ಹೋಗಿ ಮಧ್ಯಾಹ್ನ ಬಂದು ನೋಡುತ್ತೇನೆ, ಶೆಡ್ಡಿನ ಮುಂದೆ ಪೆಟ್ಟಿಗೆಗಳು ಸಾಲಾಗಿ ಒಣಗುತ್ತಿವೆ, ಕೋರುಗಳು ಹಬ್ಬದ ಚೆಂಬಿನ ಹಾಗೆ ಫಳಫಳ ಅನ್ನುತ್ತಿವೆ! ಅವ್ವ ಹುಣಸೆಹಣ್ಣು, ಒಲೆಬೂದಿ, ತೆಂಗಿನನಾರು ತಂದು ಒಂದೊಂದನ್ನೂ ತಿಕ್ಕಿ ತೊಳೆದಿದ್ದಳು. ಕ್ರಮ ಮಾತ್ರ ಒಂದು ಚೂರೂ ತಪ್ಪಿರಲಿಲ್ಲ. ನಮ್ಮ ಕಡೆ ದೊಡ್ಡವರು ಬರುತ್ತಾರೆಂದರೆ ಮನೆಯ ಪಾತ್ರೆಯಲ್ಲಿ ಮಸಿ ಇರಕೂಡದು.

"ನೋಡ್ಲಾ, ಎಂಗವೆ! ಎಲ್ಲಾ ಮಸಿ ಹಿಡ್ಕಂಡಿತ್ತು. ಆಫೀಸರ್ರು ಕಂಡ್ರೆ ನಿನ್ನ ಏನನ್ಕಂತಾರೆ?" ಎಂದಳು. ಕೈ ಒರೆಸಿಕೊಂಡ ಸೆರಗೆಲ್ಲ ಕಪ್ಪಾಗಿತ್ತು.

ಸರ್ಕಾರ ಯಂತ್ರ ತಂದು ಹುಡುಕುತ್ತಿದ್ದದ್ದೇ ಆ ಮಸಿಯನ್ನು. ನನಗೆ ಪಿತ್ತ ನೆತ್ತಿಗೇರಿತು. "ನನ್ನ ಅನ್ನಕ್ಕೆ ಮಣ್ಣು ಹಾಕ್ಬುಟ್ಯಲ್ಲವ್ವ! ಇನ್ನೆಲ್ಲಿ ಪರ್ಮನೆಂಟು, ಹೋಯ್ತು!" ಎಂದು ಊರಿಗೇ ಕೇಳುವಂತೆ ಕೂಗಾಡಿದೆ. ಅವ್ವ ನಾರನ್ನು ಅಲ್ಲೇ ಬಿಸಾಕಿ ಮನೆಗೆ ಹೊರಟುಹೋದಳು.

ಸಾರ್ ಬೈಯಲಿಲ್ಲ. ಏನಪ್ಪಾ, ಕಲ್ಲಿಗೆ ಮದುವೆಯಾ ಎಂದು ತಮಿಳಿನಲ್ಲಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಒಂದು ಕೋರನ್ನು ಉಳಿ ಇಟ್ಟು ಉದ್ದಕ್ಕೆ ಸೀಳಿ ತೋರಿಸಿದರು. ಒಳಗೆ ಮಸಿಗಲ್ಲು ಇದ್ದ ಹಾಗೇ ಇತ್ತು. ಅವ್ವ ತೊಳೆದದ್ದು ಮೇಲ್ಮೈಯನ್ನು ಮಾತ್ರ. ಪರೀಕ್ಷೆಗೆ ಹೋಗುವುದು ಸೀಳಿದ ಅರ್ಧ, ಅದೂ ಪುಡಿಯಾಗಿ. ಅದನ್ನು ನೋಡಲು ಅವ್ವ ಅಲ್ಲಿರಲಿಲ್ಲ.

ಕೆಲವು ತಿಂಗಳಿಗೆ ಕ್ಯಾಂಪು ಕಿತ್ತರು. ಬೆಣಚಿನ ಎಳೆ ಒಂದು ಕಡೆ ಅಂಗೈ ಅಗಲ, ನಾಲ್ಕು ಹೆಜ್ಜೆ ಆಚೆ ದಾರದಷ್ಟು, ಇನ್ನೂ ಆಚೆ ಇಲ್ಲವೇ ಇಲ್ಲ. ಅದರಲ್ಲಿ ಅದಿರೂ ಅಲ್ಲೊಂದು ಇಲ್ಲೊಂದು. ಗಣಿ ತೆಗೆದರೆ ಖರ್ಚು ಗಿಟ್ಟುವುದಿಲ್ಲವೆಂದು ತೀರ್ಮಾನವಾಯಿತು. ನಾನು ಇದನ್ನೆಲ್ಲ ಅವ್ವನಿಗೆ ನೂರು ಸಲ ಬಿಡಿಸಿ ಹೇಳಿದೆ. "ನನ್ನ ಸಮಾಧಾನಕ್ಕೆ ಹೇಳ್ತೀಯ, ಬುಡು" ಎನ್ನುವಳು. ಮುಂದೆ ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು. ನಾನು ಶಿಫ್ಟ್ ಮುಗಿಸಿ ಸುಸ್ತಾಗಿ ಊರಿಗೆ ಬಂದಾಗಲೆಲ್ಲ ಅವ್ವ ನನ್ನ ಹೆಂಡತಿಗೆ, "ನನ್ನಿಂದ್ಲೇ ಕಣಮ್ಮಿ. ಇಲ್ದಿದ್ರೆ ಇವ್ನು ಸರ್ಕಾರಿ ಕೆಲ್ಸದಾಗಿರ್ತಿದ್ದ" ಎನ್ನುವುದು ಕೇಳಿಸುತ್ತಿತ್ತು. ನಾನು ಉಣ್ಣುವುದನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ಎಂಬತ್ತರ ದಶಕದ ನಡುವೆ ಇನ್ನೊಂದು ತಂಡ ಬಂತು. ಈ ಸಲ ಟಂಗ್‌ಸ್ಟನ್ ಎಂಬ ಇನ್ನೊಂದು ಲೋಹದ ಹುಡುಕಾಟವೂ ಸೇರಿತ್ತು. ಅದರ ಅದಿರು ಬೆಣಚಿನಲ್ಲಿ ಬೆರೆತು ಬೆಳಕಲ್ಲಿ ಗುರುತೇ ಸಿಗುವುದಿಲ್ಲ. ಕತ್ತಲೆ ಮಾಡಿ ಅದಕ್ಕೆಂದೇ ಇರುವ ಬ್ಯಾಟರಿ ದೀಪ ಹಿಡಿದರೆ ಮಾತ್ರ ಹೊಳೆಯುತ್ತದೆ. ಅವರು ನಮ್ಮ ಮನೆಯ ಕರಿಕಂಬಳಿ ಕೇಳಿ ಪಡೆದು, ನಟ್ಟನಡು ಮಧ್ಯಾಹ್ನ ಅದನ್ನು ಹೊದ್ದು ಬೆವರುತ್ತ ಒಳಗೆ ದೀಪ ಹಚ್ಚುತ್ತಿದ್ದರು. ಒಂದು ಭಾನುವಾರ ನಾನೂ ತಲೆ ತೂರಿಸಿದೆ. ಪೆದ್ದು ಕಲ್ಲಿನ ಮೇಲೆ ಚುಕ್ಕಿ ಚುಕ್ಕಿಯಾಗಿ ನೀಲಿ ಬಿಳುಪು, ಮಾಲಿಬ್ಡಿನಮ್ ಸೇರಿದ ಕಡೆ ಹಳದಿ. ಅಬ್ಬಬ್ಬಾ, ಏನು ಚೆಂದ! ಅವ್ವನನ್ನು ಕರೆದೆ.

"ಅದ್ರ ಸಾವಾಸ ಸಾಕು, ನಾ ಬರಲ್ಲ" ಎಂದು ದೂರವೇ ಉಳಿದಳು. ಆದರೆ ಹೊಸ ಕೋರು ತೊಳೆಯುತ್ತಿದ್ದ ಪಕ್ಕದ ಮನೆಯಾಕೆಯ ಮೇಲೆ ಹದ್ದಿನ ಕಣ್ಣಿಟ್ಟಿದ್ದಳು. "ಬರೀ ನೀರು ಹುಯ್ಯಿ. ಉಜ್ಜೀಯ, ಜೋಕೆ!"

ಆ ತಂಡವೂ ಒಂದು ದಿನ ಗಂಟುಮೂಟೆ ಕಟ್ಟಿತು. ಹೊರಟಿದ್ದ ಜೀಪಿನ ಮುಂದೆ ಅವ್ವ ಹೋಗಿ ನಿಂತಳು.

"ಈ ಸಲ ಯಾರೂ ಉಜ್ಜಿಲ್ಲ ಸಾಮಿ, ನಾನೇ ಕಣ್ಣಾರೆ ನೋಡ್ಕಂಡಿವ್ನಿ. ಆದ್ರೂ ಯಾಕೆ ಹೊಂಟ್ರಿ?"

ಹೊಸ ಸಾರ್ ಕನ್ನಡದವರೇ. "ಇರೋದು ಸಾಲದಮ್ಮ. ಹೋದ ಸಲದ ರಿಪೋರ್ಟೂ ನೋಡಿದ್ವಿ."

"ಆಗ್ಲೂ ಇಷ್ಟೇನಾ ಇದ್ದದ್ದು?"

"ಇಷ್ಟೇ. ಗುಡ್ಡದಲ್ಲೇ ಇಲ್ಲ, ಯಾರೇನು ಮಾಡೋಕಾಗುತ್ತೆ?"

ಅವ್ವ ಅಲ್ಲೇ ದಾರಿಯಲ್ಲಿ ಕುಕ್ಕರಿಸಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಗಣಿ ಬರಲಿಲ್ಲವೆಂದು ಅಳುತ್ತಿದ್ದಾಳೆಂದುಕೊಂಡ ಸಾರ್ ಪಾಪ, ಇಳಿದು ಬಂದು ಸಮಾಧಾನ ಹೇಳತೊಡಗಿದರು. ನಾನು ಅವಳ ಪಕ್ಕ ಕೂತೆ. ಕಲ್ಲಿನ ವಿಷಯ ನೂರು ಸಲ ಹೇಳಿದ್ದ ನಾನು ಆ ಒಂದು ಮಾತನ್ನು ಒಮ್ಮೆಯೂ ಆಡಿರಲಿಲ್ಲ ಎಂದು ಆಗ ಹೊಳೆಯಿತು.

"ಅವತ್ತು ಹಂಗೆ ಕೂಗಾಡಿದ್ದು ತಪ್ಪಾಯ್ತು ಕಣವ್ವ" ಎಂದೆ.

ಅವ್ವ ಮೂಗೊರೆಸಿಕೊಂಡು ನನ್ನ ಮುಖ ನೋಡಿದಳು. "ಇದ್ನ ಅವತ್ತೇ ಹೇಳಾಕಾಯ್ತಿರ್ಲಿಲ್ವೇನ್ಲಾ?" ಎಂದಳು.